ನಿಮ್ಮ ಶೀಟಿನಲ್ಲಿ ಒಂದು ಸಾಲು ಅಂದರೆ ಯಾರು?

ಪ್ರಶ್ನೆ: ಸರ್, ನಾನು ದಾವಣಗೆರೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 9 ಸ್ವಸಹಾಯ ಸಂಘಗಳ 118 ಮಹಿಳೆಯರಿಂದ ಎರಡು ಸಲ ಪ್ರಶ್ನಾವಳಿ ತುಂಬಿಸಿದ್ದೇನೆ. ಹಣಕಾಸಿನ ತರಬೇತಿ ಕೊಡುವ ಮೊದಲು ಒಂದು ಸಲ, ಆರು ತಿಂಗಳಾದ ಮೇಲೆ ಇನ್ನೊಂದು ಸಲ. ತಿಂಗಳ ಉಳಿತಾಯ ಜಾಸ್ತಿ ಆಗಿದೆಯೇ ಎಂಬುದು ಮುಖ್ಯ ಪ್ರಶ್ನೆ. ಅನಾಲಿಸಿಸ್ ಮಾಡಿಕೊಡುವ ಒಂದು ಸೆಂಟರಿಗೆ ಕೊಟ್ಟಿದ್ದೆ. ಅವರು ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಹಾಕಿ, "ಟಿ ಟೆಸ್ಟ್ ಮಾಡಿದ್ವಿ, ಪಿ ವ್ಯಾಲ್ಯೂ 0.11 ಬಂದಿದೆ, ಸಿಗ್ನಿಫಿಕೆಂಟ್ ಇಲ್ಲ. ಬೇಕಾದರೆ ಸ್ವಲ್ಪ ಅಡ್ಜಸ್ಟ್ ಮಾಡೋಣ" ಅಂದರು. ನನಗೆ ಭಯ ಆಯಿತು. ಅವರು ಕೊಟ್ಟ ಶೀಟಿನಲ್ಲಿ 236 ಸಾಲುಗಳಿವೆ. ಇದನ್ನೆಲ್ಲ ನಾನೇ ಕಲಿಯಬಹುದೇ? ಎಸ್‌ಎಸ್‌ಎಲ್‌ಸಿ ಆದ ಮೇಲೆ ಗಣಿತದ ಕಡೆ ತಲೆ ಹಾಕಿದವಳಲ್ಲ. ಎಸ್‌ಪಿಎಸ್‌ಎಸ್, ಆರ್, ಪೈಥಾನ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಹಿಡಿಯಲಿ? ಎಷ್ಟು ದಿನ ಬೇಕು? (ಹೆಸರು ಬೇಡ)

ಉತ್ತರ: ಮೇಡಂ, ಮೊದಲು ಆ ಸೆಂಟರಿನವರಿಗೆ ಒಂದು ಫೋನ್ ಮಾಡಿ, "ಅಡ್ಜಸ್ಟ್ ಏನೂ ಬೇಡ, ಇದ್ದದ್ದು ಇದ್ದ ಹಾಗೇ ಇರಲಿ" ಅಂತ ಹೇಳಿಬಿಡಿ. ನಿಮಗೆ ಭಯ ಆಗಿದ್ದು ಒಳ್ಳೆಯದೇ ಆಯಿತು.

ನಿಮ್ಮ ಪತ್ರ ಓದುವಾಗ ಆ 0.11ಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 236. ಇದ್ದವರು 118 ಜನ, ಸಾಲು 236 ಹೇಗೆ? ಮೊದಲ ಸಲದ ಫಾರಂಗಳನ್ನು ತುಂಬಿ, ಅವುಗಳ ಕೆಳಗೆ ಎರಡನೇ ಸಲದ್ದನ್ನು ಪೇರಿಸಿದ್ದಾರೆ. ಹಾಗೆ ಪೇರಿಸುವುದು ತಪ್ಪೇನಲ್ಲ. ಆದರೆ ಮೊದಲ ಕಟ್ಟಿನ 17ನೇ ಮಹಿಳೆ ಎರಡನೇ ಕಟ್ಟಿನಲ್ಲಿ ಎಲ್ಲಿದ್ದಾರೆ ಅಂತ ಹೇಳುವ ಒಂದು ನಂಬರ್ ಪ್ರತಿ ಸಾಲಿನಲ್ಲೂ ಇರಬೇಕು. ಅದು ಇಲ್ಲದಿದ್ದರೆ ಸಾಫ್ಟ್‌ವೇರ್ ಪಾಲಿಗೆ ಇವರು 236 ಬೇರೆ ಬೇರೆ ಹೆಂಗಸರು.

ಅವರು ಹಾಗೇ ಮಾಡಿದ್ದಾರಾ ಅಂತ ನೀವೇ ನೋಡಬಹುದು. ಕೊಟ್ಟಿರುವ ಔಟ್‌ಪುಟ್ ಹಾಳೆಯಲ್ಲಿ "ಡಿಎಫ್" (ಡಿಗ್ರೀಸ್ ಆಫ್ ಫ್ರೀಡಂ) ಅಂತ ಒಂದು ಕಾಲಂ ಇರುತ್ತದೆ. ಅದರ ಕೆಳಗೆ 117 ಇದ್ದರೆ ಜೋಡಿ ಲೆಕ್ಕ ಮಾಡಿದ್ದಾರೆ, ಅಂದರೆ ಒಬ್ಬೊಬ್ಬರ ಮೊದಲಿನ ಸಂಖ್ಯೆಯನ್ನು ಅವರದ್ದೇ ನಂತರದ ಸಂಖ್ಯೆಯ ಜೊತೆ ಹೋಲಿಸಿದ್ದಾರೆ. 234 ಅಥವಾ ಅದರ ಆಸುಪಾಸಿನ ದೊಡ್ಡ ಸಂಖ್ಯೆ ಇದ್ದರೆ ಒಬ್ಬರೇ ಹೆಂಗಸನ್ನು ಇಬ್ಬರು ಅಂದುಕೊಂಡು ಲೆಕ್ಕ ಹಾಕಿದ್ದಾರೆ. ನನ್ನ ಅಂದಾಜು 234. ಮುಂದಿನದನ್ನು ಆ ಅಂದಾಜಿನ ಮೇಲೆಯೇ ಬರೆಯುತ್ತಿದ್ದೇನೆ.

ಇದರಿಂದ ಏನು ವ್ಯತ್ಯಾಸ ಆಗುತ್ತದೆ ಅಂತ ಒಂದು ಹಳೆಯ ಲೆಕ್ಕದಲ್ಲಿ ತೋರಿಸುತ್ತೇನೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ವಿಲಿಯಂ ಗಾಸೆಟ್ ಅಂತ ಒಬ್ಬರಿದ್ದರು. "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ 1908ರಲ್ಲಿ ಒಂದು ಲೇಖನ ಬರೆದರು. ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ, ಇವತ್ತು ನಾವು ಟಿ ಟೆಸ್ಟ್ ಅನ್ನುವ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಅವರು ಬಳಸಿದ ಒಂದು ಉದಾಹರಣೆ 10 ರೋಗಿಗಳದ್ದು. ಅದೇ 10 ಜನಕ್ಕೆ ಎರಡು ನಿದ್ದೆ ಮದ್ದು ಬೇರೆ ಬೇರೆಯಾಗಿ ಕೊಟ್ಟು, ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತು ಅಂತ ಬರೆದಿಟ್ಟದ್ದು. ಮೊದಲ ಮದ್ದಿಗೆ ಬಂದ ಸಂಖ್ಯೆಗಳು: 0.7, -1.6, -0.2, -1.2, -0.1, 3.4, 3.7, 0.8, 0.0, 2.0. ಎರಡನೆಯದಕ್ಕೆ ಅದೇ ಕ್ರಮದಲ್ಲಿ ಅದೇ ಜನ: 1.9, 0.8, 1.1, 0.1, -0.1, 4.4, 5.5, 1.6, 4.6, 3.4. ಮೈನಸ್ ಇದ್ದಲ್ಲಿ ನಿದ್ದೆ ಕಡಿಮೆ ಆಗಿದೆ ಎಂದರ್ಥ. ಮೊದಲನೆಯದರ ಸರಾಸರಿ 0.75 ಗಂಟೆ, ಎರಡನೆಯದರದ್ದು 2.33.

ಇವರನ್ನು ಬೇರೆ ಬೇರೆ 20 ಜನ ಅಂದುಕೊಂಡು ಆರ್‌ನಲ್ಲಿ ಟಿ ಟೆಸ್ಟ್ ಮಾಡಿದರೆ ಪಿ ವ್ಯಾಲ್ಯೂ 0.079 ಬರುತ್ತದೆ. ರೂಢಿಯಲ್ಲಿ ಪಿ 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ "ಸಿಗ್ನಿಫಿಕೆಂಟ್" ಅನ್ನುತ್ತಾರೆ (ಪಿ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ), ಹಾಗಾಗಿ ಇದು ನಿಮ್ಮ ಸೆಂಟರಿನವರ ಭಾಷೆಯಲ್ಲಿ "ಸಿಗ್ನಿಫಿಕೆಂಟ್ ಇಲ್ಲ". ಅದೇ 20 ಸಂಖ್ಯೆಗಳನ್ನು 10 ಜೋಡಿ ಅಂತ ಹೇಳಿ ಮಾಡಿಸಿದರೆ 0.0028. ಒಂದೇ ಒಂದು ಸಂಖ್ಯೆ ಬದಲಾಗಿಲ್ಲ, ಯಾರೂ ಅಡ್ಜಸ್ಟ್ ಮಾಡಿಲ್ಲ.

ಕಾರಣ ಕಷ್ಟದ್ದೇನಲ್ಲ. ಕೆಲವರು ಮಲಗಿದ ತಕ್ಷಣ ಗೊರಕೆ ಹೊಡೆಯುತ್ತಾರೆ, ಕೆಲವರು ರಾತ್ರಿಯಿಡೀ ಹೊರಳಾಡುತ್ತಾರೆ. ಮನುಷ್ಯರ ನಡುವಿನ ಈ ವ್ಯತ್ಯಾಸದ ಗಲಾಟೆಯಲ್ಲಿ ಮದ್ದಿನ ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಬ್ಬೊಬ್ಬರದ್ದೇ ಎರಡನೇ ಮದ್ದಿನ ಸಂಖ್ಯೆಯಿಂದ ಮೊದಲನೆಯದರದ್ದನ್ನು ಕಳೆದು ನೋಡಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. 10 ಜನರಲ್ಲಿ 9 ಜನಕ್ಕೆ ಎರಡನೇ ಮದ್ದಿನಿಂದ ಜಾಸ್ತಿ ನಿದ್ದೆ ಬಂದಿದೆ, ಒಬ್ಬರಿಗೆ ಎರಡೂ ಒಂದೇ. ಇದನ್ನು ನೋಡಲು ಸಾಫ್ಟ್‌ವೇರೂ ಬೇಡ. ಅಂದ ಹಾಗೆ, ಆ 4.6 ನಿಮ್ಮ ಕಣ್ಣಿಗೂ ಬಿತ್ತು ಅಲ್ವಾ? ಬಿದ್ದಿದ್ದರೆ ನೀವು ಈ ಕೆಲಸ ಕಲಿಯುತ್ತೀರಿ, ಅನುಮಾನ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಜೋಡಿ ಲೆಕ್ಕ ಮಾಡಿದರೆ ಪಿ ಚಿಕ್ಕದಾಗುತ್ತದೆ, ಹಾಗಾಗಿ ಜೋಡಿ ಲೆಕ್ಕ ಮಾಡಿ ಅಂತ ನಾನು ಹೇಳುತ್ತಿಲ್ಲ. ನೀವು ಅದೇ ಹೆಂಗಸರನ್ನು ಎರಡು ಸಲ ಕೇಳಿದ್ದೀರಿ, ಅದಕ್ಕೆ ಜೋಡಿ ಲೆಕ್ಕ. ಹಾಗೆ ಮಾಡಿದ ಮೇಲೂ ನಿಮ್ಮದು 0.3 ಬಂದರೆ ಅದನ್ನೇ ಬರೆಯಬೇಕು. ಯಾವ ಟೆಸ್ಟ್ ಅಂತ ಫಾರಂ ತುಂಬಿಸಿದ ರೀತಿ ನೋಡಿ ತೀರ್ಮಾನ ಮಾಡುವುದು. ಉತ್ತರ ನೋಡಿಕೊಂಡು ಟೆಸ್ಟ್ ಹುಡುಕಿದರೆ ಅದೂ ಒಂದು ಥರದ ಅಡ್ಜಸ್ಟ್‌ಮೆಂಟೇ.

ನಿಮ್ಮ ನಿಜವಾದ ಪ್ರಶ್ನೆಗೆ ಈಗ ಬರೋಣ. ಕಲಿಯಬಹುದೇ? ಖಂಡಿತ. ನಿಮಗೆ ಬೇಕಾದ ಗಣಿತ ಸರಾಸರಿ, ಸಂಖ್ಯೆಗಳು ಎಷ್ಟು ಹರಡಿಕೊಂಡಿವೆ ಎಂಬ ಅಂದಾಜು, ಶೇಕಡಾ ಲೆಕ್ಕ, ಇಷ್ಟೇ. ಉಳಿದದ್ದನ್ನು ಯಂತ್ರ ಮಾಡುತ್ತದೆ. ಯಂತ್ರಕ್ಕೆ ಗೊತ್ತಾಗದ ವಿಷಯ ಒಂದೇ: ನಿಮ್ಮ ಶೀಟಿನಲ್ಲಿ ಒಂದು ಸಾಲು ಅಂದರೆ ಯಾರು? ಒಬ್ಬ ಮಹಿಳೆಯಾ, ಒಂದು ಭೇಟಿಯಾ, ಒಂದು ಮನೆಯಾ, ಒಂದು ಸಂಘವಾ? ಇದು ಊರೂರು ತಿರುಗಿ ಫಾರಂ ತುಂಬಿಸಿದ ನಿಮಗೆ ಮಾತ್ರ ಗೊತ್ತು. ಸೆಂಟರಿನ ಹುಡುಗನಿಗೆ ಎಸ್‌ಪಿಎಸ್‌ಎಸ್ ಮೆನು ಬಾಯಿಪಾಠ ಇರಬಹುದು, ಇದು ಗೊತ್ತಿರಲಿಲ್ಲ. ಅವನು ಕೇಳಲೂ ಇಲ್ಲ.

ಯಾವ ಸಾಫ್ಟ್‌ವೇರ್ ಅನ್ನುವುದರ ಬಗ್ಗೆ ಜನ ಕ್ರಿಕೆಟ್ ಟೀಮಿನ ಹಾಗೆ ಜಗಳ ಆಡುತ್ತಾರೆ. ಅಷ್ಟು ಬೇಕಾಗಿಲ್ಲ. ಎಸ್‌ಪಿಎಸ್‌ಎಸ್ 1968ರಲ್ಲಿ ಸಮಾಜ ವಿಜ್ಞಾನದವರಿಗಾಗಿಯೇ ಹುಟ್ಟಿದ್ದು, 2009ರಲ್ಲಿ ಐಬಿಎಂ ಅದನ್ನು ಕೊಂಡುಕೊಂಡಿತು. ಮೆನುವಿನಲ್ಲಿ ಒತ್ತುತ್ತಾ ಹೋದರೆ ಕೆಲಸ ಆಗುತ್ತದೆ. ತೊಂದರೆ ದುಡ್ಡಿನದು. ನಿಮ್ಮ ಯೂನಿವರ್ಸಿಟಿ ಲ್ಯಾಬಿನಲ್ಲಿ ಲೈಸೆನ್ಸ್ ಇದ್ದರೆ ಬಳಸಿ. ಪೆನ್‌ಡ್ರೈವ್‌ನಲ್ಲಿ ಓಡಾಡುವ ಕ್ರ್ಯಾಕ್ ಕಾಪಿ ಬೇಡ. ಅದರ ಜೊತೆ ವೈರಸ್ಸೂ ಬರುತ್ತದೆ, ಥೀಸಿಸ್ ಫೈಲೂ ಹೋಗುತ್ತದೆ.

ಆರ್ ಪೂರ್ತಿ ಉಚಿತ. ನ್ಯೂಜಿಲೆಂಡ್‌ನ ಆಕ್ಲೆಂಡ್ ಯೂನಿವರ್ಸಿಟಿಯಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರುಗಳು 1990ರ ದಶಕದ ಶುರುವಿನಲ್ಲಿ ಕಟ್ಟಿದ್ದು. ಇಬ್ಬರ ಹೆಸರೂ ಆರ್ ಅಕ್ಷರದಿಂದ ಶುರು. ಅದರ 1.0.0 ಆವೃತ್ತಿ ಬಂದದ್ದು 2000ನೇ ಇಸವಿಯ ಫೆಬ್ರವರಿ 29ಕ್ಕೆ. ಪೈಥಾನ್ ಒಳ್ಳೆಯ ಭಾಷೆ, ಆದರೆ ಅದು ಸಾಫ್ಟ್‌ವೇರ್ ಕಟ್ಟುವವರ ಕಡೆಯಿಂದ ಬಂದ ದಾರಿ. 118 ಫಾರಂ ಇಟ್ಟುಕೊಂಡು ಕೂತ ನಿಮಗೆ ಸದ್ಯಕ್ಕೆ ಬೇಡ.

ನಾನು ಹೇಳುವುದು ಹೀಗೆ. ಮೊದಲ ಎರಡು ವಾರ ಜಮೋವಿ ಬಳಸಿ. ಅದೂ ಉಚಿತ. ನೋಡಲು ಎಸ್‌ಪಿಎಸ್‌ಎಸ್ ಥರವೇ ಇದೆ, ಒಳಗೆ ಓಡುವುದು ಆರ್. ಅದರ ಸೆಟ್ಟಿಂಗ್‌ನಲ್ಲಿ ಸಿಂಟ್ಯಾಕ್ಸ್ ಮೋಡ್ ಅಂತ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ ನೀವು ಮೆನುವಿನಲ್ಲಿ ಒತ್ತಿದ್ದಕ್ಕೆ ಆರ್‌ನಲ್ಲಿ ಏನು ಬರೆಯಬೇಕಿತ್ತು ಅಂತ ಮೇಲೆ ತೋರಿಸುತ್ತದೆ. ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಮೂರನೇ ವಾರ ಆರ್ ಮತ್ತು ಅದರ ಜೊತೆ, ಆರ್ ಬರೆಯುವುದನ್ನು ಸುಲಭ ಮಾಡುವ ಆರ್‌ಸ್ಟುಡಿಯೋ ಹಾಕಿಕೊಳ್ಳಿ. ದಿನಕ್ಕೆ 40 ನಿಮಿಷ ಕೂತರೆ ಎರಡು ತಿಂಗಳಲ್ಲಿ ನಿಮ್ಮ ಅಧ್ಯಾಯಕ್ಕೆ ಬೇಕಾದಷ್ಟು ಬರುತ್ತದೆ. ಭಾನುವಾರ ಒಂದೇ ದಿನ ಆರು ಗಂಟೆ ಕೂತರೆ ಬರುವುದಿಲ್ಲ, ನಾನು ನೋಡಿದ್ದೇನೆ.

ಮೊದಲ ಪಾಠಕ್ಕೆ ನಿಮ್ಮ ಡೇಟಾ ಮುಟ್ಟಬೇಡಿ. ಮೇಲೆ ಕೊಟ್ಟ ನಿದ್ದೆಯ ಸಂಖ್ಯೆಗಳನ್ನೇ ತೆಗೆದುಕೊಳ್ಳಿ. ಆರ್‌ನಲ್ಲಿ ಅವು ಮೊದಲೇ ಇವೆ, "ಸ್ಲೀಪ್" ಅಂತ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಬರುತ್ತವೆ. ಅದರಲ್ಲಿ "ಗ್ರೂಪ್" ಅಂತ ಒಂದು ಕಾಲಂ ಇದೆ, ಅದನ್ನು ನೋಡಿ ಎರಡು ಬೇರೆ ಗುಂಪು ಅಂದುಕೊಳ್ಳಬೇಡಿ, ಈ ಹೆಸರು ದಾರಿ ತಪ್ಪಿಸಬಹುದು ಅಂತ ಆರ್‌ನ ಸಹಾಯ ಪುಟದಲ್ಲೇ ಬರೆದಿದ್ದಾರೆ. ನಿಮ್ಮ ಸೆಂಟರಿನವರು ಎಡವಿದ ಕಲ್ಲೇ ಅದು.

ಮೊದಲ ಮದ್ದಿನ 10 ಸಂಖ್ಯೆಗಳಿಗೆ "ಎ" ಅಂತ ಹೆಸರಿಡಿ, ಎರಡನೆಯದಕ್ಕೆ "ಬಿ". ಆಮೇಲೆ "ಟಿ ಡಾಟ್ ಟೆಸ್ಟ್", ಕಂಸದೊಳಗೆ ಎ ಕಾಮಾ ಬಿ. (ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿ ಓದಿ ಹೇಳಿದ ಹಾಗೆ ಬರೆಯುತ್ತಿದ್ದೇನೆ.) 0.079 ಬರಬೇಕು. ಅದೇ ಸಾಲಿನಲ್ಲಿ ಕಂಸ ಮುಚ್ಚುವ ಮೊದಲು ಇನ್ನೊಂದು ಕಾಮಾ ಹಾಕಿ "ಪೇರ್ಡ್ ಸಮ ಟ್ರೂ" ಅಂತ ಸೇರಿಸಿ. ಟ್ರೂ ಪೂರ್ತಿ ದೊಡ್ಡ ಅಕ್ಷರದಲ್ಲಿ. ಈಗ 0.0028 ಬರಬೇಕು. ನಿಮ್ಮ ಪರದೆಯ ಮೇಲೂ ಅದೇ ಬಂತು ಅಂದರೆ, 1908ರ ಲೆಕ್ಕವನ್ನು ನೀವು ದಾವಣಗೆರೆಯಲ್ಲಿ ಕೂತು ಮಾಡಿದ್ದೀರಿ. ಗೊತ್ತಿರುವ ಉತ್ತರ ಮೊದಲು ಬರಿಸಿ, ಆಮೇಲೆ ಗೊತ್ತಿಲ್ಲದ್ದನ್ನು ಕೇಳಿ. ಇದು ನನ್ನ ಹಳೇ ಅಭ್ಯಾಸ, ಹೊಸ ಸಾಫ್ಟ್‌ವೇರ್ ಯಾವುದು ಬಂದರೂ ಇದನ್ನೇ ಮಾಡುತ್ತೇನೆ.

ಆರ್ ಶುರುವಿನಲ್ಲಿ ಸಿಡುಕಿನ ಹಾಗೆ ಕಾಣುತ್ತದೆ. ಕಂಸ ಮುಚ್ಚುವುದು ಮರೆತರೆ ಏನೂ ಹೇಳದೆ ಮುಂದಿನ ಸಾಲಿನಲ್ಲಿ ಒಂದು ಪ್ಲಸ್ ಗುರುತು ತೋರಿಸಿ ಕಾಯುತ್ತಾ ಕೂರುತ್ತದೆ. ಹೊಸಬರು ಗಾಬರಿಯಾಗಿ ಕಂಪ್ಯೂಟರೇ ಆಫ್ ಮಾಡುತ್ತಾರೆ. ಎಸ್ಕೇಪ್ ಒತ್ತಿದರೆ ಸಾಕು. ದೊಡ್ಡಕ್ಷರ ಸಣ್ಣಕ್ಷರ ಅದಕ್ಕೆ ಬೇರೆ ಬೇರೆ. "ಆಬ್ಜೆಕ್ಟ್ ನಾಟ್ ಫೌಂಡ್" ಅಂತ ಬಂದರೆ ಹತ್ತರಲ್ಲಿ ಒಂಬತ್ತು ಸಲ ಸ್ಪೆಲ್ಲಿಂಗ್ ತಪ್ಪು. ವಾಟ್ಸ್‌ಆಪ್‌ನಿಂದಲೋ ವರ್ಡ್‌ನಿಂದಲೋ ಕಾಪಿ ಮಾಡಿದ ಸಾಲು ಓಡದಿದ್ದರೆ ಉದ್ಧರಣ ಚಿಹ್ನೆ ನೋಡಿ. ಬಾಗಿದ ಚಿಹ್ನೆ ಆಗುವುದಿಲ್ಲ, ನೇರ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಆರ್‌ನ ಹಠ ನನಗೆ ಬಹಳ ಇಷ್ಟ. ಒಂದು ಕಾಲಂನಲ್ಲಿ ಒಂದೇ ಒಂದು ಮನೆ (ಸೆಲ್) ಖಾಲಿ ಇದ್ದರೂ ಸರಾಸರಿ ಕೇಳಿದರೆ ಕೊಡುವುದಿಲ್ಲ, "ಎನ್ಎ" ಅನ್ನುತ್ತದೆ. "ಖಾಲಿ ಇರುವುದನ್ನು ಬಿಟ್ಟು ಲೆಕ್ಕ ಹಾಕು" ಅಂತ ನೀವೇ ಬಾಯಿ ಬಿಟ್ಟು ಹೇಳಬೇಕು. ಎಕ್ಸೆಲ್ ಹಾಗಲ್ಲ, ಸುಮ್ನೆ ಬಿಟ್ಟು ಲೆಕ್ಕ ಹಾಕಿಬಿಡುತ್ತದೆ. ಎಷ್ಟು ಜನ ಉತ್ತರ ಕೊಟ್ಟಿಲ್ಲ ಎಂಬುದೇ ನಿಮಗೆ ಗೊತ್ತಾಗುವುದಿಲ್ಲ.

ನನಗೇ ಇದು ಪಾಠ ಕಲಿಸಿದೆ. ಬಹಳ ಹಿಂದೆ ಒಂದು ಸರ್ವೆಯಲ್ಲಿ ಉತ್ತರ ಕೊಡದವರಿಗೆ 99 ಅಂತ ಬರೆಯುವ ರೂಢಿ ಇತ್ತು. 200 ಹೆಂಗಸರು, ಮಕ್ಕಳ ಸಂಖ್ಯೆಯ ಕಾಲಂ. 195 ಜನಕ್ಕೆ ಸರಾಸರಿ 2 ಮಕ್ಕಳು, 5 ಜನ ಉತ್ತರ ಕೊಟ್ಟಿರಲಿಲ್ಲ. 99 ಅಂದರೆ ಖಾಲಿ ಅಂತ ನಾನು ಸಾಫ್ಟ್‌ವೇರ್‌ಗೆ ಹೇಳಲೇ ಇಲ್ಲ. ಸರಾಸರಿ 4.4 ಬಂತು. ಚಂದವಾಗಿ ಟೇಬಲ್ ಮಾಡಿ, ಬಾರ್ಡರ್ ಹಾಕಿ, ಮೀಟಿಂಗಿಗೆ ತೆಗೆದುಕೊಂಡು ಹೋದೆ. ಫಾರಂ ತುಂಬಿಸಿದ ಅಕ್ಕ ಒಬ್ಬರು ಚಹಾ ಕುಡಿಯುತ್ತಾ ನೋಡಿ, "ಸಾರ್, ನಮ್ಮ ಕಡೆ ಈಗ ಯಾರಿಗ್ರೀ ನಾಲ್ಕೂವರೆ ಮಕ್ಕಳು?" ಅಂದರು. ನನ್ನ ಡಿಗ್ರಿ ಎಲ್ಲ ಅಲ್ಲೇ ಇಳಿದುಹೋಯಿತು. ಅವತ್ತಿನಿಂದ ಯಾವುದೇ ಕಾಲಂ ಬಂದರೂ ಮೊದಲು ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಅಂತ ನೋಡುತ್ತೇನೆ. ಆರ್‌ನಲ್ಲಿ "ಸಮರಿ" ಅಂತ ಒಂದು ಆಜ್ಞೆ ಕೊಟ್ಟರೆ ಎರಡೂ ಬರುತ್ತವೆ, ಎಷ್ಟು ಮನೆ ಖಾಲಿ ಅಂತಲೂ ಹೇಳುತ್ತದೆ.

ನಿಮ್ಮ ಫಾರಂಗಳನ್ನು ಎಂಟ್ರಿ ಮಾಡುವ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಸಮಯ ಹೋಗುವುದೆಲ್ಲ ಇಲ್ಲೇ. ಕಾಗದದ ಫಾರಂ ಮೇಲೆ ಕೆಂಪು ಪೆನ್ನಿನಲ್ಲಿ ನಂಬರ್ ಬರೆಯಿರಿ. ಅದೇ ಮಹಿಳೆಯ ಎರಡೂ ಫಾರಂಗಳಿಗೆ ಅದೇ ನಂಬರ್. ಶೀಟಿನಲ್ಲಿ ಒಬ್ಬರಿಗೆ ಒಂದು ಸಾಲು. "ಉಳಿತಾಯ ಮೊದಲು" ಒಂದು ಕಾಲಂ, "ಉಳಿತಾಯ ನಂತರ" ಪಕ್ಕದ ಕಾಲಂ. ಸಾಲು 118ಕ್ಕೆ ನಿಲ್ಲಬೇಕು. ಒಂದು ಮನೆಯಲ್ಲಿ ಒಂದೇ ವಿಷಯ: "500 (ಗಂಡ ಕೊಟ್ಟಾಗ)" ಅಂತ ಬರೆದರೆ ಅದು ಸಂಖ್ಯೆ ಅಲ್ಲ, ಕಥೆ. ಕಥೆಗೆ ಬೇರೆ ಕಾಲಂ ಮಾಡಿ, ಅದೂ ಬೇಕಾಗುತ್ತದೆ. ಉಳಿತಾಯ ಸೊನ್ನೆ ಅಂದರೆ 0 ಹಾಕಿ, ಉತ್ತರವೇ ಇಲ್ಲ ಅಂದರೆ ಖಾಲಿ ಬಿಡಿ. ಇವೆರಡು ಒಂದೇ ಅಲ್ಲ. ಹಳದಿ ಬಣ್ಣ ಬಳಿದು ಗುರುತು ಮಾಡುವ ಅಭ್ಯಾಸ ಬಿಡಿ, ಶೀಟನ್ನು ಸಿಎಸ್‌ವಿ ಆಗಿ (ಬರೀ ಅಕ್ಷರ, ಅಂಕಿ ಮಾತ್ರ ಇರುವ ಸರಳ ಫೈಲ್) ಉಳಿಸಿದಾಗ ಬಣ್ಣ ಹಾರಿಹೋಗುತ್ತದೆ.

ಊರ ಹೆಸರು ಇನ್ನೊಂದು ತಲೆನೋವು. ಒಬ್ಬರು "ಹರಿಹರ" ಅಂತ ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಕೊನೆಗೆ ಎ ಹಾಕಿ, ಮತ್ತೊಬ್ಬರು ಎ ಬಿಟ್ಟು, ಮಗದೊಬ್ಬರು ಹೆಸರಾದ ಮೇಲೆ ಒಂದು ಸ್ಪೇಸ್ ಒತ್ತಿ. ನಮ್ಮ ಕಣ್ಣಿಗೆ ಒಂದೇ ಊರು, ಆರ್‌ಗೆ ನಾಲ್ಕು ಊರು. ಸಂಘಗಳಿಗೂ ಊರುಗಳಿಗೂ 1, 2, 3 ಅಂತ ನಂಬರ್ ಕೊಟ್ಟು, ಯಾವ ನಂಬರ್ ಯಾವುದಕ್ಕೆ ಅಂತ ಬೇರೆ ಒಂದು ಹಾಳೆಯಲ್ಲಿ ಬರೆದಿಡುವುದು ವಾಸಿ. ಕನ್ನಡದಲ್ಲೇ ಎಂಟ್ರಿ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಸಿಎಸ್‌ವಿ ಉಳಿಸುವಾಗಲೂ ಎಕ್ಸೆಲ್‌ನಲ್ಲಿ ಯುಟಿಎಫ್-8 ಎಂದು ಬರೆದಿರುವ ಸಿಎಸ್‌ವಿಯನ್ನೇ ಆರಿಸಿ.

ಮನೆ ನಂಬರ್ ಇದ್ದರೆ ಹುಷಾರು. "3-4" ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ, ಎಕ್ಸೆಲ್ ಅದನ್ನು ತಾರೀಖು ಮಾಡಿಬಿಟ್ಟಿರುತ್ತದೆ. ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಸೆಪ್ಟೆಂಬರ್, ಮಾರ್ಚ್ ಥರ ಕಾಣುವ ಹೆಸರಿದ್ದ ಮನುಷ್ಯರ ಕೆಲವು ಜೀನ್‌ಗಳನ್ನು ಎಕ್ಸೆಲ್ ಹೀಗೇ ತಾರೀಖು ಮಾಡುತ್ತಿತ್ತು. ಕೊನೆಗೆ ವಿಜ್ಞಾನಿಗಳೇ ಸೋತು ಆ ಜೀನ್‌ಗಳ ಹೆಸರನ್ನೇ ಬದಲಿಸಿದರು, 2020ರಲ್ಲಿ ಅದು ಸುದ್ದಿಯಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ಸಿಗದೇ ಹೋಗಿದ್ದವು. ಹಳೇ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಮಿಕ್ಕದ್ದು ಸದ್ದಿಲ್ಲದೆ ಬಿದ್ದುಹೋಯಿತು. ಎಕ್ಸೆಲ್ ಕೆಟ್ಟದ್ದು ಅಂತಲ್ಲ, ಎಂಟ್ರಿ ಮಾಡಲು ನಾನೂ ಅದನ್ನೇ ಬಳಸುತ್ತೇನೆ. ಎಂಟ್ರಿ ಮುಗಿದ ಮೇಲೆ ಆ ಫೈಲನ್ನು "ಮೂಲ" ಅಂತ ಹೆಸರಿಟ್ಟು ಮುಚ್ಚಿಡಿ. ಆಮೇಲಿನ ತಿದ್ದುಪಡಿ ಎಲ್ಲ ಆರ್ ಸ್ಕ್ರಿಪ್ಟಿನಲ್ಲಿ (ಆಜ್ಞೆಗಳನ್ನು ಸಾಲಾಗಿ ಬರೆದಿಡುವ ಫೈಲ್) ಬರೆದೇ ಮಾಡಿ. ಹ್ಯಾಷ್ ಗುರುತು ಹಾಕಿದರೆ ಅದರ ಮುಂದಿನದ್ದನ್ನು ಆರ್ ಓದುವುದಿಲ್ಲ. ಅಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಳ್ಳಿ: "ಫಾರಂ 43ರಲ್ಲಿ ಉಳಿತಾಯ 50000 ಅಂತಿತ್ತು, ಕಾಗದ ನೋಡಿದೆ, 5000 ಸರಿ." ಆರು ತಿಂಗಳು ಬಿಟ್ಟು ಗೈಡ್ ಕೇಳಿದಾಗ ನಿಮಗೇ ನೆನಪಿರುವುದಿಲ್ಲ. ಮೆನುವಿನಲ್ಲಿ ಒತ್ತಿದ್ದಕ್ಕೆ ಈ ಸಾಕ್ಷಿ ಸಿಗುವುದಿಲ್ಲ, ಅದಕ್ಕೇ ನಾನು ಕೊನೆಗೆ ಆರ್‌ಗೆ ಬನ್ನಿ ಅನ್ನುವುದು. ಎಸ್‌ಪಿಎಸ್‌ಎಸ್‌ನಲ್ಲೇ ಉಳಿಯುತ್ತೀರಿ ಅಂದರೆ ಪ್ರತಿ ಸಲ ಓಕೆ ಬದಲು "ಪೇಸ್ಟ್" ಒತ್ತಿ, ಅದು ಸಿಂಟ್ಯಾಕ್ಸ್ ಬರೆದುಕೊಡುತ್ತದೆ, ಉಳಿಸಿಕೊಳ್ಳಿ.

ಟೆಸ್ಟಿಗೆ ಮೊದಲು ಚಿತ್ರ. 118 ವ್ಯತ್ಯಾಸಗಳ ಒಂದು ಹಿಸ್ಟೋಗ್ರಾಂ ಹಾಕಿ. ಉಳಿತಾಯ, ಆದಾಯದ ಸಂಖ್ಯೆಗಳಲ್ಲಿ ಸಾಮಾನ್ಯವಾಗಿ ಮೂರ್ನಾಲ್ಕು ಜನ ದೂರದಲ್ಲಿ ನಿಂತಿರುತ್ತಾರೆ, ಅವರೇ ಸರಾಸರಿಯನ್ನು ಎಳೆದುಕೊಂಡು ಹೋಗುತ್ತಾರೆ. ಹಾಗಿದ್ದರೆ ಮಧ್ಯಾಂಕವನ್ನೂ (ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಕೊಡಿ, ಟಿ ಟೆಸ್ಟ್ ಜೊತೆಗೆ, ದೂರ ನಿಂತವರ ಎಳೆತಕ್ಕೆ ಅಷ್ಟು ಸಿಗದ ವಿಲ್ಕಾಕ್ಸನ್ ಟೆಸ್ಟೂ ಮಾಡಿ, ಎರಡನ್ನೂ ಬರೆಯಿರಿ.

ಪಿ ವ್ಯಾಲ್ಯೂ ಬಗ್ಗೆ ಇಷ್ಟು ತಿಳಿದಿರಲಿ. ನಿಜಕ್ಕೂ ಏನೂ ವ್ಯತ್ಯಾಸ ಆಗಿಲ್ಲ ಅಂದುಕೊಳ್ಳಿ. ಆಗಲೂ ನಿಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು? ಅದೇ ಪಿ. ತರಬೇತಿ ಕೆಲಸ ಮಾಡಿದೆ ಎಂಬುದರ ಸಾಧ್ಯತೆ ಅದಲ್ಲ. 0.049ಕ್ಕೆ ಹಾರ, 0.051ಕ್ಕೆ ಛೀಮಾರಿ ಅನ್ನುವುದು ನಮ್ಮ ಸೆಮಿನಾರ್ ಹಾಲ್‌ಗಳ ಕೆಟ್ಟ ಚಾಳಿ. ವ್ಯತ್ಯಾಸ ಎಷ್ಟು ಅಂತ ಬರೆಯಿರಿ. ನಿದ್ದೆಯ ಲೆಕ್ಕದಲ್ಲಿ ಅದು ಸರಾಸರಿ 1.58 ಗಂಟೆ, 95% ವಿಶ್ವಾಸದ ವ್ಯಾಪ್ತಿ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು) 0.70ರಿಂದ 2.46 ಗಂಟೆ. ಆರ್ ಇದನ್ನು ಪಿ ಕೆಳಗೇ ಕೊಟ್ಟಿರುತ್ತದೆ (ಎ ಮೊದಲು ಬರೆದದ್ದರಿಂದ ಮೈನಸ್ ಗುರುತಿನ ಜೊತೆ), ಯಾರೂ ನೋಡುವುದಿಲ್ಲ. ನಿಮ್ಮದರಲ್ಲಿ ಅದು ರೂಪಾಯಿಯಲ್ಲಿ ಬರುತ್ತದೆ. ತಿಂಗಳಿಗೆ 12 ರೂಪಾಯಿ ಜಾಸ್ತಿಯಾ, 300 ರೂಪಾಯಿ ಜಾಸ್ತಿಯಾ? ಸಂಘದ ಹೆಂಗಸರಿಗೆ ಬೇಕಾದ್ದೂ ಅದೇ.

ಒಂದು ಪಕ್ಕದ ಮಾತು. ನಿಮ್ಮ ಕಡೆಯಿಂದ ಬಹಳ ದೂರವೇನೂ ಇಲ್ಲದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು ಸಿ. ಆರ್. ರಾವ್. ಈ ವಿದ್ಯೆಯ ದೊಡ್ಡ ಹೆಸರು, 2023ರಲ್ಲಿ ಅಂಕಿಅಂಶ ಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂತು, ಅದೇ ವರ್ಷ ತೀರಿಕೊಂಡರು. ಮುಂದೆ ನೀವು ಆರ್‌ನಲ್ಲಿ ಲಾಜಿಸ್ಟಿಕ್ ರಿಗ್ರೆಶನ್‌ವರೆಗೆ (ಹೌದು, ಇಲ್ಲ ಥರದ ಉತ್ತರಗಳಿಗೆ ಬಳಸುವ ಲೆಕ್ಕ) ಹೋದರೆ, ಎರಡು ಮಾಡೆಲ್ ಹೋಲಿಸುವ "ಅನೋವಾ" ಆಜ್ಞೆಯಲ್ಲಿ ಯಾವ ಟೆಸ್ಟ್ ಬೇಕು ಅಂತ ಕೇಳುವ ಕಡೆ "ರಾವ್" ಅಂತ ಬರೆಯಬಹುದು. ನಾನು ಮೊದಲ ಸಲ ಅದನ್ನು ನೋಡಿದ ದಿನ ಸುಮ್ಮಸುಮ್ಮನೆ ಎರಡು ಸಲ ಓಡಿಸಿದ್ದೆ.

ಕಲಿಯಲು ಸಹಾಯ ಬೇಕಲ್ವಾ? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಆರ್ ಬಗ್ಗೆ ಚಿಕ್ಕ ಚಿಕ್ಕ ವಿಡಿಯೋ ಪಾಠಗಳಿವೆ, ಎನ್‌ಪಿಟಿಇಎಲ್‌ನಲ್ಲಿ ಉದ್ದನೆಯ ಕೋರ್ಸ್‌ಗಳಿವೆ. ಎರಡೂ ಉಚಿತ. ನೋಡುತ್ತಾ ಕೂರಬೇಡಿ, ವಿಡಿಯೋ ನಿಲ್ಲಿಸಿ ಕೈಯಾರೆ ಟೈಪ್ ಮಾಡಿ. ಚಾಟ್‌ಬಾಟ್‌ಗಳನ್ನೂ ಕೇಳಬಹುದು, ಎರರ್ ಬಂದಾಗ ಚೆನ್ನಾಗಿ ಬಿಡಿಸಿ ಹೇಳುತ್ತವೆ. ಆದರೆ ನೀವು "236 ಸಾಲು ಇದೆ, ಟಿ ಟೆಸ್ಟ್ ಮಾಡು" ಅಂದರೆ ಅದೂ ಆ ಸೆಂಟರಿನ ಹುಡುಗನ ಹಾಗೇ ಮಾಡಿಕೊಡಬಹುದು, ಅದೂ ಬಹಳ ವಿನಯದಿಂದ. ಹೆಂಗಸರ ಹೆಸರು, ಫೋನ್ ನಂಬರ್ ಇರುವ ಶೀಟನ್ನು ಮಾತ್ರ ಅದಕ್ಕೆ ಕೊಡಲೇಬೇಡಿ. ಅವರು ನಂಬಿ ಹೇಳಿದ್ದು ನಿಮಗೆ.

ವೈವಾದಲ್ಲಿ ಎರಡು ಪ್ರಶ್ನೆ ಬರಬಹುದು, ಈಗಲೇ ಹೇಳಿಬಿಡುತ್ತೇನೆ. ಒಂದು: ತರಬೇತಿ ಸಿಗದ ಗುಂಪು ನಿಮ್ಮಲ್ಲಿಲ್ಲ. ಉಳಿತಾಯ ಜಾಸ್ತಿ ಆಗಿದ್ದರೂ ಅದು ತರಬೇತಿಯಿಂದಲೋ, ನಡುವೆ ಬಂದ ಸುಗ್ಗಿಯಿಂದಲೋ, ಗೃಹಲಕ್ಷ್ಮಿಯ ದುಡ್ಡಿನಿಂದಲೋ ಅಂತ ಯಾವ ಟೆಸ್ಟೂ ಹೇಳುವುದಿಲ್ಲ. "ತರಬೇತಿಯ ನಂತರ ಜಾಸ್ತಿ ಆಗಿದೆ" ಅಂತ ಬರೆಯಿರಿ, "ತರಬೇತಿಯಿಂದ" ಅಂತ ಬೇಡ. ಎರಡು: ಒಂದೇ ಸಂಘದವರ ಉಳಿತಾಯ ಒಂದೇ ಥರ ಇರುತ್ತದೆ, ವಾರಕ್ಕೆ ಇಷ್ಟು ಅಂತ ಸಂಘವೇ ನಿಗದಿ ಮಾಡಿರುತ್ತದೆ. ಆದ್ದರಿಂದ ನಿಮ್ಮ 118 ಜನ ಪೂರ್ತಿ ಬಿಡಿಬಿಡಿ 118 ಅಲ್ಲ, 9 ಗೊಂಚಲು. ಇದಕ್ಕೆ, ಯಾರು ಯಾವ ಗೊಂಚಲಿನವರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್ ಅಂತ ಒಂದು ದಾರಿ ಇದೆ, ಆರ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಮೂರನೇ ತಿಂಗಳಿಗೆ ಇಟ್ಟುಕೊಳ್ಳಿ, ಗೈಡ್ ಜೊತೆ ಮಾತಾಡಿ. ಸದ್ಯಕ್ಕೆ ಸಂಘದ ನಂಬರ್ ಒಂದು ಕಾಲಂನಲ್ಲಿ ಇದ್ದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಹೆದರಿಕೆ ಉಳಿದಿದೆ. ಎರಡು ಸಲದ ಫಾರಂಗಳ ಮೇಲೂ ನಂಬರ್ ಬರೆದಿದ್ದೀರಾ? ಪತ್ರದಲ್ಲಿ ಇಲ್ಲ. ಬರೆದಿಲ್ಲ ಅಂದರೆ ಕಂಪ್ಯೂಟರ್ ಮುಚ್ಚಿಡಿ. ಮನೆಯಲ್ಲಿ ದೊಡ್ಡ ಚಾಪೆ ಹಾಸಿ, ಸಂಘದ ಪ್ರಕಾರ 9 ಗುಡ್ಡೆ ಮಾಡಿ. ಒಂದೊಂದು ಗುಡ್ಡೆಯಲ್ಲೂ ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು ನೋಡಿ ಜೋಡಿ ಮಾಡಿ ಪಿನ್ ಹಾಕಿ. ಒಂದೇ ಸಂಘದಲ್ಲಿ ಮೂವರು ರತ್ನಮ್ಮ ಇರುತ್ತಾರೆ, ಅದಕ್ಕೇ ಮೂರೂ ನೋಡಬೇಕು. ವಯಸ್ಸು ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಹೆಂಗಸರು ಎರಡು ಸಲ ಕೇಳಿದರೆ ಎರಡು ವಯಸ್ಸು ಹೇಳುತ್ತಾರೆ. ಅನುಮಾನ ಇದ್ದರೆ ಸಂಘದ ಪ್ರತಿನಿಧಿಗೆ ಒಂದು ಫೋನ್. ಆದರೂ ಜೋಡಿ ಸಿಗದ ಫಾರಂ ನಾಲ್ಕೋ ಐದೋ ಉಳಿದರೆ ಬಲವಂತವಾಗಿ ಯಾರ ಜೊತೆಗೂ ಸೇರಿಸಬೇಡಿ, ಪಕ್ಕಕ್ಕಿಡಿ. ಎಷ್ಟು ಉಳಿದವು, ಯಾಕೆ ಬಿಟ್ಟಿರಿ ಅಂತ ಥೀಸಿಸ್‌ನಲ್ಲಿ ಒಂದು ಸಾಲು ಬರೆಯಿರಿ. ಜೋಡಿ ಮಾಡುವುದು ಮುಗಿದ ಮೇಲೆ ಎಷ್ಟು ಸಿಕ್ಕವು ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.